ದಾರಿ ಮುಗಿಯಿತೆನ್ನುವುದು ಯಾವಾಗ?

ವ್ರತ ಹಿಡಿದ ಗೃಹಿಣಿಯರಿಗೆ ಒಂದು ಸಂದೇಹವು ಆಗಾಗ ಬರುವುದುಂಟು. ಹದಿನಾರು ಸೋಮವಾರ ನಡೆಯಿಸುವೆನೆಂದು ಸಂಕಲ್ಪ ಮಾಡಿದಾಕೆ ಒಂಬತ್ತನೆಯ ವಾರ ಜ್ವರದಿಂದ ಮಲಗಿದಳು. ಹತ್ತನೆಯ ವಾರ ಎದ್ದು ಮುಂದುವರಿಸಿದಳು. ಈಗ ಉದ್ಯಾಪನೆ ಮಾಡಬಹುದೆ, ಕೂಡದೆ? ಮನೆಯ ಹಿರಿಯಾಕೆಯನ್ನು ಕೇಳಿದರೆ ಒಂದು ಉತ್ತರ, ಪುರೋಹಿತರನ್ನು ಕೇಳಿದರೆ ಇನ್ನೊಂದು ಉತ್ತರ. ಆದರೆ ಇಬ್ಬರೂ ಮೊದಲು ಕೇಳುವ ಪ್ರಶ್ನೆ ಮಾತ್ರ ಒಂದೇ: "ತಪ್ಪಿದ್ದು ಏತಕ್ಕಮ್ಮಾ?" ಮೈಗೆ ಆಗದೆ ತಪ್ಪಿದ್ದು ಬೇರೆ, ಮನಸ್ಸಿಗೆ ಬೇಡವಾಗಿ ತಪ್ಪಿಸಿದ್ದು ಬೇರೆ.

ಹಿಡಿದ ಕಾರ್ಯವು ಮುಗಿಯಿತೆಂದು ಹೇಳುವುದು ಯಾವಾಗ ಎಂಬ ಈ ಸಂದೇಹವು ವ್ರತಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ಸಾವಿರಾರು ಮೈಲಿಗಳ ಕಾಲುದಾರಿಯನ್ನು ನಡೆದು ಪೂರೈಸಲು ಹೊರಡುವ ಅಮೆರಿಕಾ ದೇಶದ ಪಥಿಕರಲ್ಲಿಯೂ ಇದು ದೀರ್ಘಕಾಲದ ಚರ್ಚೆಯಾಗಿದೆ. ಅಷ್ಟೇ ಅಲ್ಲ, ಅಲ್ಲಿ ಸತ್ತುಹೋದ ಒಬ್ಬ ಸತ್ಪುರುಷನ ಕೀರ್ತಿಗೂ ತಟ್ಟಿದೆ. ಆ ವೃತ್ತಾಂತವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ಸಹ್ಯಾದ್ರಿಯು ಪಶ್ಚಿಮದ ಕರಾವಳಿಯುದ್ದಕ್ಕೂ ಹಬ್ಬಿರುವಂತೆ, ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪೂರ್ವ ಭಾಗದಲ್ಲಿ ಅಪಲಾಚಿಯನ್ ಎಂಬ ಪರ್ವತಶ್ರೇಣಿಯು ಹಬ್ಬಿದೆ. ಅದರ ನೆತ್ತಿಯನ್ನು ಹಿಡಿದು ದಕ್ಷಿಣೋತ್ತರವಾಗಿ ಒಂದು ಕಾಲುದಾರಿ ಹೋಗುತ್ತದೆ. ದಕ್ಷಿಣದಲ್ಲಿ ಜಾರ್ಜಿಯಾ ಸಂಸ್ಥಾನದ ಸ್ಪ್ರಿಂಗರ್ ಬೆಟ್ಟ ಅದರ ಒಂದು ತುದಿ. ಉತ್ತರದಲ್ಲಿ ಮೇನ್ ಸಂಸ್ಥಾನದ ಕಟಾಡಿನ್ ಶಿಖರ ಇನ್ನೊಂದು ತುದಿ. ನಡುವೆ ಹದಿನಾಲ್ಕು ಸಂಸ್ಥಾನಗಳನ್ನು ಹಾಯುವ ಈ ದಾರಿಯ ಉದ್ದ ೨,೧೯೦ ಮೈಲಿಗಳಿಗೂ ತುಸು ಹೆಚ್ಚು, ಎಂದರೆ ಸುಮಾರು ೩,೫೦೦ ಕಿಲೋಮೀಟರು. ಬೆಂಗಳೂರಿನಿಂದ ಕಾಶಿಗೆ ಹೋಗಿ ಮರಳಿ ಬೆಂಗಳೂರಿಗೆ ಬಂದರೆ ಎಷ್ಟೋ ಹೆಚ್ಚುಕಡಿಮೆ ಅಷ್ಟು. ಒಂದೇ ಸಲಕ್ಕೆ ನಡೆಯುವವರಿಗೆ ಸಾಮಾನ್ಯವಾಗಿ ಐದರಿಂದ ಏಳು ತಿಂಗಳು ಹಿಡಿಯುತ್ತದೆ. ಹಾಗೆ ಹೊರಡುವವರಲ್ಲಿ ಸುಮಾರು ನಾಲ್ವರಿಗೆ ಒಬ್ಬರು ಮಾತ್ರ ಕೊನೆಯನ್ನು ಮುಟ್ಟುತ್ತಾರೆ.

ಇಂತಹ ಒಂದು ದಾರಿಯಾಗಬೇಕೆಂದು ೧೯೨೧ರಲ್ಲಿ ಒಂದು ಪತ್ರಿಕೆಯಲ್ಲಿ ಬರೆದು ಸೂಚಿಸಿದವನು ಬೆಂಟನ್ ಮೆಕಾಯ್ ಎಂಬ ಅರಣ್ಯಶಾಸ್ತ್ರಜ್ಞ. ಪಟ್ಟಣಗಳಲ್ಲಿ ದುಡಿದು ಬಳಲಿದವರು ಬೆಟ್ಟದ ಮೇಲೆ ಕೆಲವು ದಿನ ಇದ್ದು ಚೇತರಿಸಿಕೊಳ್ಳಲಿ ಎಂಬುದು ಅವನ ಆಶಯವೇ ಹೊರತು, ಯಾರಾದರೂ ಈ ತುದಿಯಿಂದ ಆ ತುದಿಗೆ ನಡೆದು ಹೆಸರು ಗಳಿಸಲಿ ಎಂಬುದಲ್ಲ. ಮುಂದೆ ಮುದುಕನಾದ ಮೇಲೆ ಅವನು, ಈ ದಾರಿಯು ಓಟದ ಪಂದ್ಯಕ್ಕೆ ಕಣವಾಗದಿರಲಿ, ಬಹುಮಾನ ಕೊಡುವುದೇ ಆದರೆ ಎಲ್ಲರಿಗಿಂತ ನಿಧಾನವಾಗಿ ನಡೆದವರಿಗೆ ಕೊಡುವೆನು ಎಂಬ ಭಾವದ ಮಾತನ್ನು ಆಡಿದನು. ೧೯೨೫ರಲ್ಲಿ ಇದಕ್ಕಾಗಿ ಒಂದು ಸಂಘವು ಹುಟ್ಟಿತು. ೧೯೩೭ರಲ್ಲಿ ದಾರಿಯು ಒಂದು ತುದಿಯಿಂದ ಇನ್ನೊಂದು ತುದಿಗೆ ಕೂಡಿಕೊಂಡಿತು. ಆ ಸಂಘದ ಮುಂದಾಳುಗಳಲ್ಲಿ ಮೈರನ್ ಏವರಿ ಎಂಬ ನ್ಯಾಯವಾದಿಯು, ಹಿಡಿಕೆ ಹಾಕಿದ ಚಕ್ರವೊಂದನ್ನು ಮುಂದೆ ಉರುಳಿಸುತ್ತ, ದಾರಿಯನ್ನು ತುಂಡುತುಂಡಾಗಿ ಅಳೆದು ಅಳೆದು ೧೯೩೬ರ ವೇಳೆಗೆ ಪೂರ್ತಿಯಾಗಿ ನಡೆದುಬಿಟ್ಟಿದ್ದನು. ಮೊಟ್ಟಮೊದಲು ದಾರಿಯನ್ನು ಪೂರೈಸಿದವನು ಅವನೇ. ಅವನು ಒಂದೇ ಉಸಿರಿಗೆ ನಡೆದವನಲ್ಲ, ವರ್ಷ ವರ್ಷ ಬಿಡುವಾದಾಗ ನಡೆದವನು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ದಾರಿಯ ಗುರುತು ಬಲು ಸರಳವಾದುದು. ಮರದ ಬೊಡ್ಡೆಯ ಮೇಲೋ ಬಂಡೆಯ ಮೇಲೋ ಎರಡು ಅಂಗುಲ ಅಗಲ, ಆರು ಅಂಗುಲ ಉದ್ದದ ಒಂದು ಬಿಳಿಯ ಪಟ್ಟೆ. ಒಂದರಿಂದ ಮತ್ತೊಂದಕ್ಕೆ ನಡೆಯುತ್ತ ಹೋದರಾಯಿತು. ದಾರಿಯನ್ನೆಲ್ಲಾ ನಡೆದವರು ಸಂಘಕ್ಕೆ ಅರ್ಜಿ ಬರೆದರೆ ಅವರ ಹೆಸರನ್ನು "ಎರಡು ಸಾವಿರ ಮೈಲಿಯವರು" ಎಂಬ ಪಟ್ಟಿಯಲ್ಲಿ ಸೇರಿಸಿ ಯೋಗ್ಯತಾಪತ್ರವನ್ನು ಕಳುಹಿಸುತ್ತಾರೆ. ೧೯೩೬ರಿಂದ ಈಚೆಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ದಾರಿಯು ಹೀಗೆ ಪೂರ್ತಿಯಾಗಿರುವುದು ದಾಖಲೆಯಾಗಿದೆ. ಎರಡು ಸಾವಿರವೆಂಬುದು ಹಳೆಯ ಕಾಲದಿಂದ ಬಂದ ರೂಢಿಯ ಹೆಸರು. ಎರಡು ಸಾವಿರ ಮೈಲಿ ನಡೆದು ಉಳಿದುದನ್ನು ಬಿಡಬಹುದೆಂದು ಅದರ ಅರ್ಥವಲ್ಲ.

ಈ ಯೋಗ್ಯತಾಪತ್ರಕ್ಕೆ ಸಾಕ್ಷ್ಯವೇನು ಎಂದು ಯಾರಾದರೂ ಕೇಳಬಹುದು. ಸಾಕ್ಷ್ಯವಿಲ್ಲ. ನಡೆದವನು "ನಾನು ನಡೆದೆನು" ಎಂದು ಬರೆದರೆ ಸಂಘವು ನಂಬುತ್ತದೆ. ಪ್ರಾಮಾಣಿಕವಾಗಿ ಪೂರ್ಣ ದಾರಿಯನ್ನು ನಡೆಯಲು ಯತ್ನಿಸಿದವನೇ ಅರ್ಜಿ ಕಳುಹಿಸುವನೆಂಬುದು ಅದರ ಭಾವನೆ. ಯಾವ ದಿಕ್ಕಿನಿಂದ ನಡೆದೆ, ಯಾವ ಕ್ರಮದಲ್ಲಿ ನಡೆದೆ, ಎಷ್ಟು ಬೇಗ ನಡೆದೆ, ಬೆನ್ನಿನ ಮೇಲೆ ಗಂಟು ಹೊತ್ತಿದ್ದೆಯೋ ಇಲ್ಲವೋ ಎಂಬ ಯಾವುದನ್ನೂ ಅದು ಎಣಿಸುವುದಿಲ್ಲ. ಹನ್ನೆರಡು ತಿಂಗಳೊಳಗೆ ಮುಗಿಸಿದವರನ್ನು "ಸತತ ನಡೆದವರು" ಎಂದು ಬೇರೆ ಕರೆಯುವುದುಂಟು; ಆದರೆ ಅದೇ ದಾರಿಯನ್ನು ಇಪ್ಪತ್ತು ಮೂವತ್ತು ವರ್ಷಗಳ ರಜಾದಿನಗಳಲ್ಲಿ ಮುಗಿಸಿದವರಿಗೂ ಅದೇ ಮರ್ಯಾದೆ. ಕಟಾಡಿನ್ ಶಿಖರವು ಅಕ್ಟೋಬರ್ ನಡುವಿನ ಬಳಿಕ ಹತ್ತುವುದಕ್ಕೆ ಕಷ್ಟವಾಗುವುದರಿಂದ, ಕೆಲವರು ದಾರಿಯ ನಡುವಿನಲ್ಲಿ ಹೊರಟು, ಮೊದಲು ಉತ್ತರದ ಅರ್ಧವನ್ನು ಮುಗಿಸಿ, ಹಿಂದಿರುಗಿ ಬಂದು ದಕ್ಷಿಣದ ಅರ್ಧವನ್ನು ನಡೆಯುತ್ತಾರೆ. ಅದಕ್ಕೂ ಅಡ್ಡಿಯಿಲ್ಲ. ನಿಯಮವು ಒಂದೇ: ದಾರಿಯೆಲ್ಲವನ್ನೂ ಕಾಲಿನಿಂದ ನಡೆದಿರಬೇಕು.

ಕೇಳುವುದಕ್ಕೆ ಇದು ಸುಲಭ. ನಡೆಯುವಾಗಲೇ ತೊಡಕು.

ಅತಿ ಸಣ್ಣ ತೊಡಕನ್ನು ಮೊದಲು ಹೇಳುವೆವು. ದಾರಿಯ ಪಕ್ಕದಲ್ಲಿ ಅಲ್ಲಲ್ಲಿ ರಾತ್ರಿ ತಂಗಲು ಮರದ ಚಾವಡಿಗಳಿವೆ. ಕೆಲವು ಚಾವಡಿಗಳಿಗೆ ಹೋಗಲು ಒಂದು ಕವಲುದಾರಿ, ಹಿಂದಿರುಗಲು ಇನ್ನೊಂದು. ಸಂಜೆ ಒಂದರಲ್ಲಿ ಒಳಹೊಕ್ಕು ಬೆಳಿಗ್ಗೆ ಇನ್ನೊಂದರಲ್ಲಿ ಹೊರಬಂದರೆ ನಡುವೆ ನೂರಿನ್ನೂರು ಗಜ ಮುಖ್ಯ ದಾರಿಯು ತಪ್ಪಿಹೋಗುತ್ತದೆ. ಬಹುಮಂದಿ ಇದನ್ನು ಲಕ್ಷಿಸುವುದಿಲ್ಲ. ಆದರೆ ಮಡಿವಂತ ಪಥಿಕರೂ ಉಂಟು. ಅವರು ಬೆಳಿಗ್ಗೆ ಎದ್ದು ಹಿಂದಿನ ಸಂಜೆ ಬಂದ ಕವಲಿನಲ್ಲಿಯೇ ಹಿಂದಿರುಗಿ, ಬಿಟ್ಟ ಜಾಗದಿಂದಲೇ ಮುಂದುವರಿಯುತ್ತಾರೆ. ನ್ಯೂಯಾರ್ಕ್ ಸಂಸ್ಥಾನದ ಬೇರ್ ಬೆಟ್ಟದ ಬಳಿ ದಾರಿಯು ಒಂದು ಮೃಗಶಾಲೆಯ ಒಳಗಿನಿಂದಲೇ ಹಾಯುತ್ತದೆ. ಸಂಜೆ ಬಾಗಿಲು ಹಾಕಿದ ಮೇಲೆ ಬಂದವರಿಗೆ ಸುತ್ತುದಾರಿಯಿದೆ. ಮಡಿವಂತನು ಸುತ್ತಿ ಹೋಗುವುದಿಲ್ಲ. ರಾತ್ರಿ ಕಾದಿದ್ದು, ಬೆಳಿಗ್ಗೆ ಬಾಗಿಲು ತೆರೆದ ಮೇಲೆ ಕರಡಿಯ ಬೋನನ್ನು ದಾಟಿಕೊಂಡೇ ಹೋಗುತ್ತಾನೆ. ಇದನ್ನು ಕೇಳಿ ನಗುವವರು ನಗಬಹುದು. ಆದರೆ ಪಾರಾಯಣಕ್ಕೆ ಕುಳಿತವರು ಒಂದು ಶ್ಲೋಕವು ತಪ್ಪಿತೆಂದು ಅಧ್ಯಾಯವನ್ನೇ ಮತ್ತೆ ಓದುವುದನ್ನು ಕಂಡವರು ಅಷ್ಟು ಸುಲಭವಾಗಿ ನಗಲಾರರು.

ಇನ್ನು ದೊಡ್ಡ ತೊಡಕು. ಮೇನ್ ಸಂಸ್ಥಾನದಲ್ಲಿ ದಾರಿಗೆ ಕೆನಿಬೆಕ್ ಎಂಬ ನದಿ ಅಡ್ಡಬರುತ್ತದೆ. ಸೇತುವೆಯಿಲ್ಲ. ಮೇಲುಗಡೆಯ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೊಳೆಯು ಹಠಾತ್ತಾಗಿ ಏರುತ್ತದೆ. ೧೯೮೫ರಲ್ಲಿ ಇದನ್ನು ಕಾಲಿನಿಂದ ಹಾಯಹೊರಟ ಒಬ್ಬ ಪಥಿಕೆಯು ಮುಳುಗಿ ತೀರಿಕೊಂಡಳು. ಎರಡು ವರ್ಷಗಳ ತರುವಾಯ ಅಲ್ಲಿ ಕಿರುದೋಣಿಯ ಏರ್ಪಾಟಾಯಿತು. ಕಾಲಿನಿಂದಲೇ ನಡೆಯಬೇಕೆಂಬ ದಾರಿಯಲ್ಲಿ ದೋಣಿ ಹತ್ತಬಹುದೆ? ಈ ಪ್ರಶ್ನೆಗೆ ಉತ್ತರವನ್ನು ಆ ದೋಣಿಯ ತಳದಲ್ಲಿಯೇ ಬರೆದಿದ್ದಾರೆ: ಒಳಗೆ ಕಾಲಿಡುವೆಡೆ ಎರಡು ಅಂಗುಲ ಅಗಲ, ಆರು ಅಂಗುಲ ಉದ್ದದ ಬಿಳಿಯ ಪಟ್ಟೆ! ಎಂದರೆ ಆ ದೋಣಿಯೇ ದಾರಿ. ಅದನ್ನು ಹತ್ತಿದವನು ದಾರಿ ಬಿಟ್ಟವನಲ್ಲ.

ನಮ್ಮ ದೇಶದ ನರ್ಮದಾ ಪರಿಕ್ರಮವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು. ನದಿಯನ್ನು ಬಲಕ್ಕಿಟ್ಟುಕೊಂಡು ನಡೆಯಬೇಕು, ನಡುವೆ ಎಲ್ಲಿಯೂ ದಾಟಕೂಡದು ಎಂಬುದು ಆ ಯಾತ್ರೆಯ ಕಟ್ಟುನಿಟ್ಟು. ಆದರೂ ನದಿಯು ಸಮುದ್ರವನ್ನು ಸೇರುವ ಮುಖದಲ್ಲಿ ಒಂದು ದಡದಿಂದ ಇನ್ನೊಂದು ದಡಕ್ಕೆ ಹೋಗಲು ದೋಣಿಯನ್ನು ಹತ್ತಲೇಬೇಕು, ಹತ್ತುತ್ತಾರೆ. ಅದರಿಂದ ಪರಿಕ್ರಮವು ಭಂಗವಾಯಿತೆಂದು ಯಾರೂ ಹೇಳುವುದಿಲ್ಲ. ದೊಡ್ಡ ಅಣೆಕಟ್ಟುಗಳ ನೀರು ನಿಂತು ಹಳೆಯ ದಡದ ದಾರಿಗಳು ಮುಳುಗಿದ ಮೇಲೆ ಯಾತ್ರಿಕರು ನೀರನ್ನು ಬಳಸಿಕೊಂಡು ಮೇಲಿನಿಂದ ನಡೆಯತೊಡಗಿದರು. ಅದೂ ಪರಿಕ್ರಮವೇ. ನಿಯಮವು ಬಿಗಿಯಾಗಿರುವಲ್ಲಿಯೂ ನಿಯಮದ ಉದ್ದೇಶವು ಅದಕ್ಕಿಂತ ದೊಡ್ಡದಾಗಿರುತ್ತದೆ ಎಂಬುದಕ್ಕೆ ಇದು ನಿದರ್ಶನ.

ಅಪಲಾಚಿಯನ್ ದಾರಿಯ ಸಂಘವೂ ಇಂತಹ ವಿವೇಕವನ್ನೇ ಅನುಸರಿಸುತ್ತದೆ. ಪ್ರವಾಹ, ಕಾಡುಗಿಚ್ಚು, ಬಯಲಾದ ಎತ್ತರದಲ್ಲಿ ಬಂದೆರಗುವ ಬಿರುಗಾಳಿ, ಇಂತಹ ಆಪತ್ತಿನಲ್ಲಿ ಪಕ್ಕದ ದಾರಿಯನ್ನೋ ಅಧಿಕಾರಿಗಳು ತೋರಿಸಿದ ರಸ್ತೆಯನ್ನೋ ಹಿಡಿದು ನಡೆದರೆ ಅದು ಬಿಳಿಯ ಪಟ್ಟೆಯ ದಾರಿಗೆ ಸಮಾನವೆಂದು ಒಪ್ಪುತ್ತದೆ. ೨೦೨೪ರ ಸೆಪ್ಟೆಂಬರಿನಲ್ಲಿ ಹೆಲೀನ್ ಎಂಬ ಚಂಡಮಾರುತವು ದಕ್ಷಿಣದ ಬೆಟ್ಟಗಳ ಮೇಲೆ ಎರಗಿ ದಾರಿಯ ನಾನೂರು ಮೈಲಿಗಳಿಗೂ ಹೆಚ್ಚಿನ ಭಾಗವನ್ನು ಮುಚ್ಚಿಸಿತು. ಲೆಕ್ಕವಿಲ್ಲದಷ್ಟು ಮರಗಳು ಉರುಳಿದುವು, ಸೇತುವೆಗಳು ಕೊಚ್ಚಿಹೋದುವು. ಆ ವರ್ಷ ನಡೆದು ಬರುತ್ತಿದ್ದವರ ಕಾಲುಗಳಲ್ಲಿ ದೋಷವಿರಲಿಲ್ಲ, ಸಂಕಲ್ಪದಲ್ಲಿಯೂ ಇರಲಿಲ್ಲ, ದಾರಿಯೇ ಇರಲಿಲ್ಲ. ಇಲ್ಲದ ದಾರಿಯನ್ನು ನಡೆಯಲಿಲ್ಲವೆಂದು ಯಾರನ್ನು ದೂರುವುದು?

ಆದರೆ ಆಪತ್ತಿಲ್ಲದೆಯೂ ದಾರಿ ಬಿಡುವವರುಂಟು. ಪಕ್ಕದ ಕವಲುದಾರಿಗಳಿಗೆ ನೀಲಿ ಪಟ್ಟೆ ಬಳಿದಿರುತ್ತಾರೆ. ಕಡಿದಾದ ಬೆಟ್ಟವನ್ನು ತಪ್ಪಿಸಲು ಆ ನೀಲಿ ದಾರಿಯನ್ನು ಹಿಡಿಯುವವರು ಕೆಲವರು. ಷೆನಂಡೋವಾ ನದಿಯು ದಾರಿಗೆ ಸಮಾನಾಂತರವಾಗಿ ಹರಿಯುವೆಡೆ ಬೆಟ್ಟವನ್ನು ಬಿಟ್ಟು ದೋಣಿಯಲ್ಲಿ ತೇಲಿಹೋಗುವವರು ಕೆಲವರು. ಹಳದಿ ಗೀಟು ಎಳೆದ ಹೆದ್ದಾರಿಗೆ ಇಳಿದು ಯಾರದೋ ಮೋಟಾರು ಹತ್ತಿ ಮುಂದಿನ ಊರಿಗೆ ಹೋಗಿ ಇಳಿಯುವವರು ಇನ್ನು ಕೆಲವರು. ಬಿಳಿಯ ಪಟ್ಟೆಯನ್ನು ಅನುಕರಿಸಿ ಪಥಿಕರು ಇವುಗಳಿಗೆಲ್ಲ ನೀಲಿ, ಹಳದಿ ಎಂದು ಬಣ್ಣದ ಹೆಸರುಗಳನ್ನೇ ಇಟ್ಟಿದ್ದಾರೆ. ಇವರನ್ನು ಕೇಳಿದರೆ, "ಅವರವರ ನಡಿಗೆ ಅವರವರದು, ನನ್ನ ಸಂತೋಷಕ್ಕೆ ನಾನು ಬಂದೆನು" ಎನ್ನುತ್ತಾರೆ. ಆ ಮಾತು ತಪ್ಪಲ್ಲ. ಬೆಟ್ಟದ ಗಾಳಿಯನ್ನು ಕುಡಿಯಲು ಯಾರಿಂದಲೂ ಅಪ್ಪಣೆ ಬೇಕಿಲ್ಲ. ಹಾಗೆ ನಡೆದವರು ಊರಿಗೆ ಹಿಂದಿರುಗಿ "ದಾರಿಯನ್ನೆಲ್ಲ ನಡೆದೆನು" ಎಂದಾಗ ಮಾತ್ರ ಪ್ರಶ್ನೆಯು ಹುಟ್ಟುತ್ತದೆ.

ಇಲ್ಲಿ ಪೂರ್ವಪಕ್ಷದವರು ಒಂದು ಬಲವಾದ ಆಕ್ಷೇಪಣೆಯನ್ನು ಎತ್ತಬಹುದು. ದಾರಿಯೇ ಸ್ಥಿರವಾದುದಲ್ಲವಲ್ಲ! ದಕ್ಷಿಣದ ತುದಿಯು ಮೊದಲು ಓಗಲ್‌ಥಾರ್ಪ್ ಎಂಬ ಬೇರೊಂದು ಬೆಟ್ಟದ ಮೇಲಿತ್ತು. ೧೯೫೮ರಲ್ಲಿ ಸ್ಪ್ರಿಂಗರ್ ಬೆಟ್ಟಕ್ಕೆ ಬಂದಿತು. ನಡುವೆ ಎಷ್ಟೋ ಭಾಗಗಳನ್ನು ರಸ್ತೆಗಳಿಂದ ಕಾಡಿನೊಳಕ್ಕೆ ಸರಿಸಿದ್ದಾರೆ. ಉದ್ದವು ವರ್ಷ ವರ್ಷ ಅಷ್ಟಿಷ್ಟು ಬದಲಾಗುತ್ತದೆ. ಹೀಗಿರುವಾಗ "ಪೂರ್ತಿ" ಎಂಬ ಮಾತಿಗೆ ಅರ್ಥವೇನು? ಉತ್ತರವಿಷ್ಟೆ: ನಡೆದ ಕಾಲದಲ್ಲಿ ಯಾವುದು ದಾರಿಯೆನಿಸಿತ್ತೋ ಅದು ಪೂರ್ತಿ. ಮನೆಯನ್ನು ವಿಸ್ತರಿಸಿ ಕಟ್ಟಿದರೆಂದು ಹಿಂದೆ ನಡೆದ ಗೃಹಪ್ರವೇಶವು ಸುಳ್ಳಾಗುವುದಿಲ್ಲ.

ಎರಡು ಜೀವಗಳ ಕಥೆಯನ್ನು ಹೇಳಿದರೆ ಈ ನಿಯಮಗಳ ಹುರುಳು ಇನ್ನೂ ಚೆನ್ನಾಗಿ ತಿಳಿದೀತು.

ಒಹಾಯೋ ಸಂಸ್ಥಾನದ ಎಮ್ಮಾ ಗೇಟ್‌ವುಡ್ ಎಂಬಾಕೆ ಹನ್ನೊಂದು ಮಕ್ಕಳ ತಾಯಿ, ಮೊಮ್ಮಕ್ಕಳನ್ನು ಕಂಡ ಅಜ್ಜಿ. ೧೯೫೪ರಲ್ಲಿ ಈಕೆ ಉತ್ತರದ ತುದಿಯಿಂದ ಹೊರಟು, ಕಾಡಿನಲ್ಲಿ ದಾರಿತಪ್ಪಿ, ಕನ್ನಡಕವನ್ನು ಒಡೆದುಕೊಂಡು ಮನೆಗೆ ಹಿಂದಿರುಗಬೇಕಾಯಿತು. ಮರುವರ್ಷ, ತನ್ನ ಅರವತ್ತೇಳನೆಯ ವಯಸ್ಸಿನಲ್ಲಿ, ಮಕ್ಕಳಿಗೆ ಹೆಚ್ಚೇನೂ ಹೇಳದೆ ದಕ್ಷಿಣದಿಂದ ಹೊರಟಳು. ಕೈಯಾರೆ ಹೊಲಿದ ಒಂದು ಚೀಲವನ್ನು ಹೆಗಲಿಗೆ ಹಾಕಿಕೊಂಡು, ಕ್ಯಾನ್ವಾಸು ಬೂಟುಗಳನ್ನು ಮೆಟ್ಟಿಕೊಂಡು, ಮಳೆಗೆ ಮರೆಯಾಗಿ ಸ್ನಾನದ ಮನೆಯ ಪರದೆಯೊಂದನ್ನು ಇಟ್ಟುಕೊಂಡು ೧೪೬ ದಿನಗಳಲ್ಲಿ ಕಟಾಡಿನ್ ಶಿಖರವನ್ನು ಏರಿದಳು. ನಡುವೆ ನೆರೆ ಬಂದ ಹಳ್ಳವನ್ನು ದಾಟಲು ಇಬ್ಬರು ಯುವಕರು ಹಗ್ಗ ಕಟ್ಟಿಕೊಂಡು ಆಕೆಗೆ ಆಸರೆಯಾದರು. ಆಸರೆ ಪಡೆದುದರಿಂದ ಆಕೆಯ ನಡಿಗೆಗೆ ಕುಂದುಂಟಾಯಿತೆಂದು ಯಾರೂ ಎಣಿಸಲಿಲ್ಲ. ನಡೆದವು ಆಕೆಯ ಕಾಲುಗಳೇ. ೧೯೫೭ರಲ್ಲಿ ಮತ್ತೊಮ್ಮೆ ನಡೆದಳು. ಮೂರನೆಯ ಸಲ ತುಂಡುತುಂಡಾಗಿ ನಡೆದು ೧೯೬೪ರಲ್ಲಿ ಮುಗಿಸಿದಳು. ಆ ಮೂರನೆಯದನ್ನು ಮೊದಲೆರಡಕ್ಕಿಂತ ಕಡಿಮೆಯೆಂದು ಹೇಳಲು ಯಾರಿಗೆ ಬಾಯಿ ಬಂದೀತು?

ಇನ್ನೊಬ್ಬನು ಬಿಲ್ ಇರ್ವಿನ್. ಈತನಿಗೆ ಎರಡು ಕಣ್ಣುಗಳೂ ಕಾಣುತ್ತಿರಲಿಲ್ಲ. ೧೯೯೦ರ ಮಾರ್ಚಿಯಲ್ಲಿ ಓರಿಯೆಂಟ್ ಎಂಬ ತನ್ನ ನಾಯಿಯ ನೆರವಿನಿಂದ ಹೊರಟು ನವೆಂಬರಿನಲ್ಲಿ ದಾರಿಯನ್ನು ಪೂರೈಸಿದನು. ನಡುವೆ ಬಿದ್ದದ್ದು ಒಂದೆರಡು ಸಲವಲ್ಲ, ಸಾವಿರಾರು ಸಲ. ಬಿಳಿಯ ಪಟ್ಟೆಯೊಂದನ್ನೂ ತಪ್ಪಿಸಬಾರದೆಂದು ಮಡಿವಂತರು ಹೇಳುತ್ತಾರಷ್ಟೆ. ಈತನು ಒಂದನ್ನೂ ಕಾಣಲಿಲ್ಲ. ಆದರೂ ದಾರಿಯನ್ನು ಇವನಿಗಿಂತ ಪೂರ್ತಿಯಾಗಿ ನಡೆದವರು ವಿರಳ.

ಈಗ ಮೊದಲು ಹೇಳಿದ ಸತ್ಪುರುಷನ ಕಥೆಗೆ ಬರೋಣ. ಅರ್ಲ್ ಷಾಫರ್ ಪೆನ್ಸಿಲ್ವೇನಿಯಾದವನು. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ ಸೈನಿಕನಾಗಿದ್ದನು. ದಾರಿಯನ್ನು ಜೊತೆಯಾಗಿ ನಡೆಯೋಣವೆಂದು ಮಾತಾಡಿಕೊಂಡಿದ್ದ ಬಾಲ್ಯದ ಗೆಳೆಯನು ಇವೋಜಿಮಾ ದ್ವೀಪದ ಕಾಳಗದಲ್ಲಿ ಮಡಿದನು. ಯುದ್ಧದ ನೆನಪುಗಳನ್ನು ಮೈಯಿಂದ ಇಳಿಸಿಕೊಳ್ಳಲು ಷಾಫರನು ಒಬ್ಬನೇ ಹೊರಟನು. ೧೯೪೮ರ ಏಪ್ರಿಲ್ ೪ರಂದು ಓಗಲ್‌ಥಾರ್ಪ್ ಬೆಟ್ಟದಿಂದ ಹೊರಟು ಆಗಸ್ಟ್ ೫ರಂದು ಕಟಾಡಿನ್ ಶಿಖರದಲ್ಲಿ ನಿಂತನು, ೧೨೪ ದಿನಗಳು. ಅಂದಿನ ದಾರಿಯು ಇಂದಿನಂತಿರಲಿಲ್ಲ. ಯುದ್ಧದ ವರ್ಷಗಳಲ್ಲಿ ನೋಡಿಕೊಳ್ಳುವವರಿಲ್ಲದೆ ಪೊದೆ ಬೆಳೆದಿತ್ತು, ಗುರುತುಗಳು ಅಳಿಸಿದ್ದುವು, ಕೆಲವೆಡೆ ಹೊಸ ರಸ್ತೆಗಳು ದಾರಿಯನ್ನು ನುಂಗಿದ್ದುವು. ಅವನ ಕೈಯಲ್ಲಿದ್ದುದು ರಸ್ತೆಗಳ ನಕ್ಷೆ. ಸಂಘದ ಹಿರಿಯರು ಮೊದಲು ನಂಬಲಿಲ್ಲ. ಅವನು ತನ್ನ ದಿನಚರಿಯನ್ನೂ ಛಾಯಾಚಿತ್ರಗಳನ್ನೂ ತೋರಿಸಿದ ಮೇಲೆ ಒಪ್ಪಿಕೊಂಡು, ಒಂದೇ ಸಲಕ್ಕೆ ದಾರಿಯನ್ನು ನಡೆದ ಪ್ರಥಮನೆಂದು ಅವನನ್ನು ಗೌರವಿಸಿದರು. ೧೯೬೫ರಲ್ಲಿ ಅವನು ಉತ್ತರದಿಂದ ದಕ್ಷಿಣಕ್ಕೆ ನಡೆದನು. ೧೯೯೮ರಲ್ಲಿ, ಮೊದಲ ನಡಿಗೆಯಾಗಿ ಐವತ್ತು ವರ್ಷವಾದಾಗ, ಎಪ್ಪತ್ತೊಂಬತ್ತರ ಮುದುಕನಾಗಿ ಮೂರನೆಯ ಸಲವೂ ನಡೆದನು. ೨೦೦೨ರಲ್ಲಿ ತೀರಿಕೊಂಡನು. ಅವನ ದಿನಚರಿಯು ಸ್ಮಿತ್‌ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯವನ್ನು ಸೇರಿತು.

೨೦೧೧ರಲ್ಲಿ ಪಶ್ಚಿಮ ವರ್ಜೀನಿಯಾದ ಒಬ್ಬ ನ್ಯಾಯವಾದಿಯು ಆ ದಿನಚರಿಯ ಪುಟಪುಟವನ್ನೂ ಅಂದಿನ ನಕ್ಷೆಗಳೊಡನೆ ಹೋಲಿಸಿ ಒಂದು ದೀರ್ಘವಾದ ವರದಿಯನ್ನು ಬರೆದನು. ಷಾಫರನು ೧೯೪೮ರಲ್ಲಿ ಸುಮಾರು ೧೭೦ ಮೈಲಿ ದಾರಿಯನ್ನು ಬಿಟ್ಟಿದ್ದನು, ರಸ್ತೆಗಳ ಮೇಲೆ ಅಡ್ಡದಾರಿ ಹಿಡಿದಿದ್ದನು, ಕೆಲವೆಡೆ ಮೋಟಾರುಗಳನ್ನೂ ಹತ್ತಿದ್ದನು ಎಂಬುದು ಅದರ ಸಾರ. ಪಥಿಕರ ಬಳಗದಲ್ಲಿ ಕೋಲಾಹಲವೆದ್ದಿತು. ಕೆಲವರು ನ್ಯಾಯವಾದಿಯನ್ನು ಬೈದರು. ಕೆಲವರು ಷಾಫರನನ್ನು ಸಂದೇಹಿಸಿದರು. ಸಂಘವು ಮಾತ್ರ ಅವನ ಹೆಸರನ್ನು ಪಟ್ಟಿಯಿಂದ ತೆಗೆಯಲಿಲ್ಲ.

ನಮಗೆ ತೋರುವುದೇನೆಂದರೆ: ಅಳಿಸಿದ ಗುರುತುಗಳ ನಡುವೆ ದಾರಿ ಹುಡುಕಿ ಅಲೆದವನು ರಸ್ತೆಯನ್ನು ಹಿಡಿದುದು ಆಪದ್ಧರ್ಮ, ಅದರಲ್ಲಿ ದೋಷವಿಲ್ಲ. ಆದರೆ ಕಾಲು ನೋಯಿತೆಂದೋ ಮಳೆ ಬಂದಿತೆಂದೋ ವಾಹನ ಹತ್ತಿ, ಹತ್ತಿದ ಜಾಗಕ್ಕೆ ಹಿಂದಿರುಗಿ ಬರದೆ ಮುಂದೆ ನಡೆದಿದ್ದರೆ ಆ ಮೈಲಿಗಳು ಅವನ ಲೆಕ್ಕಕ್ಕೆ ಸೇರವು. ಅವನು ಮಹಾಪುರುಷನೆಂಬ ಕಾರಣಕ್ಕೆ ಸೇರಿಸುವುದು ನ್ಯಾಯವಲ್ಲ. ಆದರೆ ಇನ್ನೊಂದು ಸಂಗತಿಯನ್ನೂ ತಕ್ಕಡಿಯಲ್ಲಿ ಇಡಬೇಕು. ಅವನ ವಿರುದ್ಧ ಸಾಕ್ಷ್ಯ ಹೇಳಿದುದು ಯಾವುದು? ಅವನದೇ ಕೈಬರಹ. ಅದನ್ನು ಅವನು ಬೆಂಕಿಗೆ ಹಾಕಬಹುದಾಗಿತ್ತು, ಹಾಳೆ ಹರಿಯಬಹುದಾಗಿತ್ತು. ಐವತ್ತು ವರ್ಷಗಳಿಗೂ ಮೇಲ್ಪಟ್ಟು ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದು, ತನ್ನ ಬಳಿಕ ಬರುವವರು ಓದುವಂತೆ ಉಳಿಸಿದನು. ಮೋಸದ ಮನಸ್ಸಿನವನು ಹಾಗೆ ಮಾಡುವುದು ಅಪರೂಪ. ಅವನ ಕಾಲಕ್ಕೆ "ಪೂರ್ತಿ" ಎಂಬ ಮಾತಿಗೆ ಇಂದಿನಷ್ಟು ಕೂದಲು ಸೀಳಿದ ಅರ್ಥವೂ ಇರಲಿಲ್ಲ; ಅವನಿಗಿಂತ ಮುಂಚೆ ಹಾಗೆ ನಡೆದು ನಿಯಮ ಹಾಕಿಕೊಟ್ಟವರಾರೂ ಇರಲಿಲ್ಲ. ಆದಕಾರಣ ಅವನ ಹೆಸರು ಪಟ್ಟಿಯಲ್ಲಿ ಇರಲಿ. ಆ ಸಂದೇಹವೂ ಅದರ ಪಕ್ಕದಲ್ಲಿಯೇ ಇರಲಿ. ಎರಡನ್ನೂ ಒಟ್ಟಿಗೆ ಹೇಳುವುದರಿಂದ ಸತ್ತವನಿಗೆ ಅಪಚಾರವಾಗುವುದಿಲ್ಲ.

ಹಾಗಾದರೆ ದಾರಿ ಮುಗಿಯಿತೆನ್ನುವುದು ಯಾವಾಗ? ಹಿಂದುಮುಂದಾಗಿ ನಡೆದರೂ ಮುಗಿದೀತು, ಮೂವತ್ತು ವರ್ಷ ಹಿಡಿದರೂ ಮುಗಿದೀತು, ಗಂಟನ್ನು ಬೇರೊಬ್ಬರು ಹೊತ್ತರೂ ಮುಗಿದೀತು. ವಿಧಿಯೇ ಅಡ್ಡಬಂದು ಬಳಸಿ ನಡೆದರೂ ಮುಗಿದೀತು. ಅನುಕೂಲಕ್ಕಾಗಿ ಬಿಟ್ಟದ್ದು ಮಾತ್ರ ಬಿಟ್ಟದ್ದೇ. ಅದನ್ನು ನಡೆದುದರೊಳಗೆ ಸೇರಿಸಲಾಗದು. ಎರಡು ಸಾವಿರ ಮೈಲಿ ನಡೆದು "ನೂರ ತೊಂಬತ್ತು ಉಳಿಯಿತು" ಎಂದವನಿಗೆ ಲೋಕವು ಕೈಮುಗಿಯುತ್ತದೆ. ಹತ್ತೇ ಮೈಲಿ ಬಿಟ್ಟು "ಎಲ್ಲವನ್ನೂ ನಡೆದೆನು" ಎಂದವನನ್ನು ಲೋಕವು ಹಿಡಿಯಲಾರದು. ಆದರೆ ಗೋಡೆಯ ಮೇಲೆ ತೂಗುಹಾಕಿದ ಆ ಯೋಗ್ಯತಾಪತ್ರವನ್ನು ದಿನವೂ ನೋಡಬೇಕಾದವನು ಅವನೇ ಅಷ್ಟೆ.

ಸಂಘವು ಸಾಕ್ಷ್ಯ ಕೇಳದಿರುವುದನ್ನು ಕೆಲವರು ಅದರ ದೌರ್ಬಲ್ಯವೆಂದು ಬಗೆಯುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಒಂಬತ್ತನೆಯ ಸೋಮವಾರ ತಪ್ಪಿದ ಗೃಹಿಣಿಯನ್ನೂ ಯಾರೂ ಕಾವಲು ಕಾದಿರಲಿಲ್ಲ. "ತಪ್ಪಿತು, ಜ್ವರ ಬಂದಿತ್ತು, ಇನ್ನೊಂದು ವಾರ ಸೇರಿಸಿ ಮಾಡಲೇ?" ಎಂದು ಆಕೆಯೇ ಬಂದು ಕೇಳಿದಳು. ಹಾಗೆ ಕೇಳಿದಾಕೆಯ ವ್ರತಕ್ಕೆ ಉದ್ಯಾಪನೆ ಮಾಡಿಸಲು ಯಾವ ಪುರೋಹಿತರು ತಾನೆ ಹಿಂಜರಿದಾರು?